ಕುಂಕುಮ ಹಚ್ಚಿದ ಕ್ಯಾಸೆಟ್

ನಾನು ಒಂದು ಬೀಟಾ ವಿಸಿಆರ್, ವಿಡಿಯೋ ಕ್ಯಾಸೆಟ್ ಓಡಿಸುವ, ತುಂಬಿಕೊಳ್ಳುವ ಯಂತ್ರ. ಹುಟ್ಟಿದ್ದು ಜಪಾನಿನ ಕಾರ್ಖಾನೆಯಲ್ಲಿ. ಡಬ್ಬಿ ತೆರೆದಾಗ ಗದಗಿನ ಪಾತ್ರೆ ವ್ಯಾಪಾರಿ ವಿರೂಪಾಕ್ಷಪ್ಪನ ಮನೆಯಲ್ಲಿದ್ದೆ. ಕಪ್ಪು-ಬಿಳುಪು ಟಿವಿ ಹೋಗಿ ಬಣ್ಣದ್ದು ಬಂದಿತ್ತು, ಅದರ ಜೋಡಿಯಾಗಿ ನಾನು. ಎಲ್ಲರೂ ನನಗೆ ಊದಿನಕಡ್ಡಿ ಬೆಳಗಿದರು. ಯಾಕೆಂದು ತಲೆಬುಡ ತಿಳಿಯಲಿಲ್ಲ.

ಆ ವರ್ಷ ವಿರೂಪಾಕ್ಷಪ್ಪನ ತಂಗಿಯ ಮದುವೆ. ಹೆಣ್ಣು ಕಳಿಸುವಾಗ ಅವನ ತಾಯಿ ಶಿವಗಂಗವ್ವ ಸೋಬಾನ ಪದ ಹಾಡಿದಳು. ವಿಡಿಯೋದವನು ಅದನ್ನೆಲ್ಲ ನನ್ನ ಅಳತೆಯ ಕ್ಯಾಸೆಟ್ಟಿನಲ್ಲಿ ತುಂಬಿಕೊಟ್ಟ. ಸೊಸೆ ಶಂಕ್ರವ್ವನಿಗೆ ಓದು ಬಾರದು. ಗುರುತಿಗಿರಲಿ ಎಂದು ಅದಕ್ಕೊಂದು ಕುಂಕುಮದ ಬೊಟ್ಟಿಟ್ಟಳು. ಟಿವಿಯಲ್ಲಿ ತನ್ನನ್ನೇ ಕಂಡ ಮುದುಕಿ ಮೊಮ್ಮಗಳು ಸುವರ್ಣಳ ಗಲ್ಲ ಹಿಂಡಿ, "ನಿನ್ನ ಮದವಿಗೂ ನಾನ ಹಾಡಾಕಿ, ನೋಡ್ತಿರು" ಎಂದಳು.

ಮಹಾನವಮಿ ಬಂತು. ಆಯುಧಪೂಜೆಯ ದಿನ ಶಂಕ್ರವ್ವ ನನಗೆ ವಿಭೂತಿ ಬಳಿದು, ಕಪಾಟಿನ ಅಷ್ಟೂ ಕ್ಯಾಸೆಟ್‌ಗಳಿಗೆ ಭಕ್ತಿಯಿಂದ ಕುಂಕುಮ ಹಚ್ಚಿದಳು! ಮುಂದಿನ ಭಾನುವಾರ ವಿರೂಪಾಕ್ಷಪ್ಪ ಕೈಗೆ ಸಿಕ್ಕ ಕ್ಯಾಸೆಟ್ ತುರುಕಿ, ಕ್ರಿಕೆಟ್ ಮ್ಯಾಚ್ ತುಂಬಲು ಕೆಂಪು ಗುಂಡಿ ಒತ್ತಿದ. ಅದು ಮದುವೆಯದು. ಬೇಡಪ್ಪಾ ಎನ್ನೋಣವೆಂದರೆ ನನ್ನ ಬಾಯಿರುವುದು ಕ್ಯಾಸೆಟ್ ನುಂಗಲಿಕ್ಕೆ ಮಾತ್ರ. ತುಂಬಿಕೊಂಡೆ; ಮ್ಯಾಚ್ ತುಂಬಿದಷ್ಟೂ ಮದುವೆ ಅಳಿಸುತ್ತ ಹೋಯಿತು. ಕೊನೆಗೆ ಕರೆಂಟ್ ಹೋಯಿತು, ಅವನೂ ಎದ್ದು ಹೋದ.

ಮರುವರ್ಷ ಶಿವಗಂಗವ್ವ ತೀರಿಕೊಂಡಳು. ಅಷ್ಟರಲ್ಲಿ ಸಿನಿಮಾ ಕ್ಯಾಸೆಟ್ ಬಾಡಿಗೆಗೆ ಕೊಡುವ ವಿಡಿಯೋ ಲೈಬ್ರರಿಯವನು, "ಬೀಟಾ ಇಲ್ರಿ, ಈಗೆಲ್ಲಾ ವಿಎಚ್‌ಎಸ್" ಎನ್ನತೊಡಗಿದ. ಅವು ದೊಡ್ಡ ಕ್ಯಾಸೆಟ್, ನನ್ನ ಬಾಯಿಗೆ ಹಿಡಿಯವು. ವಿರೂಪಾಕ್ಷಪ್ಪ ಒತ್ತಿ ನೋಡಿದ, ಗುದ್ದಿಯೂ ನೋಡಿದ. ನನ್ನ ಚಿತ್ರವೇ ಚೆಂದ ಎಂದು ಹೊಗಳಿದವರೇ ಈಗ ನನ್ನನ್ನು ಬೇಡವೆಂದರು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತಾರಲ್ಲ, ಆ ಪೋರ ನಾನಂತೆ. ನನ್ನ ತಪ್ಪೇನೆಂದು ಇವತ್ತಿಗೂ ಬಗೆಹರಿದಿಲ್ಲ. ರಿಪೇರಿ ರಾಜೇಸಾಬನ ಅಟ್ಟ ಸೇರಿದೆ.

ಎಷ್ಟೋ ವರ್ಷ ಧೂಳು ತಿಂದ ಮೇಲೆ ಒಂದು ಮಧ್ಯಾಹ್ನ ಶಂಕ್ರವ್ವ ಬಂದಳು. ಜೊತೆಗೆ ಸುವರ್ಣ, ಮದುವೆಗೆ ಬೆಳೆದ ಹುಡುಗಿ. ಚೀಲದಲ್ಲಿ ಐದು ಕುಂಕುಮದ ಕ್ಯಾಸೆಟ್‌ಗಳು.

"ರಾಜೇಸಾಬ್ರ, ನಮ್ಮ ಹಳೇ ಮಷೀನ್ ಐತೇನ್ರಿ? ನಮ್ಮತ್ತಿ ಪದ ಇದರಾಗ ಐತಿ. ಆ ಪದ ನಮಗ್ಯಾರಿಗೂ ಬರೂದಿಲ್ರಿ. ನಾಡಿದ್ದ ಇಕಿ ಮದವಿ."

ರಾಜೇಸಾಬ ನನ್ನ ಬೆಲ್ಟ್ ಬದಲಿಸಿ, ಒಳಗೆಲ್ಲ ಸ್ಪಿರಿಟ್ಟಿನಿಂದ ಒರೆಸಿದ. ನಾಲ್ಕು ಕ್ಯಾಸೆಟ್‌ಗಳಲ್ಲಿ ಸಿನಿಮಾ. ಐದನೆಯದರಲ್ಲಿ ಬ್ಯಾಟು, ಚೆಂಡು, ಚಪ್ಪಾಳೆ.

"ಅಯ್ಯ ಶಿವನ! ಎಲ್ಲಾಕ್ಕೂ ಕುಂಕುಮ ಹಚ್ಚಿದಾಕಿ ನಾನ ಅಲ್ಲೇನ!" ಶಂಕ್ರವ್ವ ಹಣೆ ಬಡಿದುಕೊಂಡು ಕುಸಿದು ಕೂತಳು. ನನಗೆ ಎದೆಯಿದ್ದರೆ ಒಡೆಯುತ್ತಿತ್ತು. ಅಳಿಸಿದ್ದು ನಾನು, ಹಣೆ ಬಡಿದುಕೊಳ್ಳುವವಳು ಇವಳು!

"ತಡೀರಿ ಅಕ್ಕಾರ, ಕಡೀತನಾ ನೋಡೂಣು" ಎಂದ ರಾಜೇಸಾಬ. ಮ್ಯಾಚ್ ಓಡಿತು, ಓಡಿತು, ಥಟ್ಟನೆ ನಿಂತಿತು. ಕರೆಂಟ್ ಹೋಗಿದ್ದ ಜಾಗ. ಗೆರೆಗಳ ನಡುವೆ ಶಿವಗಂಗವ್ವನ ಮುಖ ಮೂಡಿತು:

"ಅಳಬ್ಯಾಡ ನನ ಕೂಸ, ಅಡಿಗಡಿಗೆ ತಿರುಗಬ್ಯಾಡ,
ತವರ ಬಾಗಿಲು ಮುಚ್ಚೂದಿಲ್ಲ ಸೋ ಎನ್ನಿರೆ."

ಅಷ್ಟೇ. ಟೇಪು ಮುಗಿಯಿತು. ಹಿಂದೆ ಸುತ್ತಿ ಮತ್ತೆ ಹಾಕಿದರು. ಏಳು ಸಲ ಹಾಕಿದರು. ಶಂಕ್ರವ್ವ ಗುನುಗುತ್ತ ಗುನುಗುತ್ತ ಧಾಟಿ ಹಿಡಿದಳು.

ನಾನು ಕೆಡಿಸಿದವನೋ, ಉಳಿಸಿಕೊಟ್ಟವನೋ? ಈ ಮುಪ್ಪಿನಲ್ಲಿ ಅಟ್ಟದ ಮೇಲೆ ಕೂತು ಎಷ್ಟು ಲೆಕ್ಕ ಹಾಕಿದರೂ ಹತ್ತುವುದಿಲ್ಲ. ಆದರೆ ಆ ಮಧ್ಯಾಹ್ನದ ಎಂಟನೆಯ ಸಲವನ್ನು ಮರೆಯಲಾರೆ. ಶಂಕ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಟಿವಿ ಸೌಂಡ್ ಬಂದ್ ಮಾಡ್ರಿ" ಎಂದಳು. ಪರದೆಯ ಮೇಲೆ ಮುದುಕಿ ಬರೀ ತುಟಿ ಆಡಿಸಿದಳು. ದನಿ ಸೊಸೆಯದು. ಸುವರ್ಣ ತಾಯಿಯನ್ನು ನೋಡಲಿಲ್ಲ, ಟಿವಿಯನ್ನೇ ನೋಡುತ್ತ, "ಹಾಡಬೇ ಅಜ್ಜಿ, ಹಾಡು" ಎಂದು ಅಜ್ಜಿಗೆ ಕೈ ಮುಗಿದಳು.