ಉಮಾಶ್ರೀಗೆ ನಿದ್ದೆ ಬಂತು

ಸ್ತನದ ಕ್ಯಾನ್ಸರ್‌ಗೆ ಕೊನೆಯ ರೇಡಿಯೇಷನ್ ಮುಗಿಸಿ ಉಮಾಶ್ರೀ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸ್‌ಗೆ ಮರಳಿದ ದಿನ, ಅತ್ತೆ ಗುಂಡಮ್ಮ ಓಣಿಗೆಲ್ಲ ಹೋಳಿಗೆ ಹಂಚಿದಳು. "ಇನ್ನ ನಿಶ್ಚಿಂತಿಯಿಂದ ಮಲಕೋ ಅವ್ವಾ," ಎಂದು ಆಗಷ್ಟೇ ಕೂದಲು ಮೊಳೆಯುತ್ತಿದ್ದ ಸೊಸೆಯ ತಲೆ ಸವರಿದಳು.

ಮಲಗುವುದೊಂದೇ ಉಮಾಶ್ರೀಗೆ ಆಗಲಿಲ್ಲ.

ರಾಯಚೂರಿನ ಈ ಹೆಣ್ಣುಮಗಳು ಹೈದರಾಬಾದಿನಲ್ಲಿ ಲೋಕಲ್ ರೈಲು ಓಡಿಸುತ್ತಿದ್ದಳು. ಚಿಕಿತ್ಸೆಯ ಉದ್ದಕ್ಕೂ ಅವಳು ಹಿಡಿದುಕೊಂಡಿದ್ದು ಒಂದೇ ಆಸೆ, ಮತ್ತೆ ಗಾಡಿ ಹೊಡೆಯಬೇಕು. ಆದರೆ ರೋಗದ ಹಿಂದೆಯೇ ನಿದ್ದೆಯೂ ಹೊರಟುಹೋಗಿತ್ತು. ದಿನಾ ನುಂಗುವ ಹಾರ್ಮೋನ್ ಗುಳಿಗೆಗೆ ಮೈ ಇದ್ದಕ್ಕಿದ್ದಂತೆ ಕಾದು ಬೆವರುತ್ತಿತ್ತು. ಬೆನ್ನಲ್ಲಿ ಸಣ್ಣ ಚಳಕು ಬಂದರೂ 'ಮತ್ತ ಬಂತೇನು' ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಸಾವಿನ ಬಾಯಿಂದ ಬಂದವಳು ನಿದ್ದೆ ಇಲ್ಲ ಅಂತ ಅಳುವುದೇ? ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಹಗಲೆಲ್ಲ ಹಾಸಿಗೆಯಲ್ಲಿ ಹೊರಳುತ್ತಿದ್ದಳು. ಸೊಸೆ ಮಲಗಿದ್ದಾಳೆಂದು ಗುಂಡಮ್ಮ ಕಿಟಕಿ ಮುಚ್ಚಿ, ಟಿ.ವಿ. ಆರಿಸಿ, ತಾನೂ ಪಿಸುಮಾತಿನಲ್ಲೇ ಇರುತ್ತಿದ್ದಳು.

ಡ್ಯೂಟಿಗೆ ಸೇರಲು ಒಪ್ಪಿಗೆ ಬಂತು. ಅದಕ್ಕೂ ಮೊದಲು ತರಬೇತಿ ಕೇಂದ್ರದ ನಕಲಿ ಇಂಜಿನ್ನಿನಲ್ಲಿ, ಪರದೆಯ ಮೇಲೆ ಓಡುವ ಹಳಿ ನೋಡುತ್ತ ಕೈ ಕುದುರಿಸಿಕೊಳ್ಳಬೇಕಿತ್ತು. ಉಮಾಶ್ರೀ ಖುಷಿಯಿಂದಲೇ ಕೂತಳು. ಮಧ್ಯದಲ್ಲಿ ಒಂದು ಗಳಿಗೆ ರೆಪ್ಪೆ ಕೂಡಿತು. ಕಣ್ಣು ಬಿಟ್ಟಾಗ ಕೆಂಪು ಸಿಗ್ನಲ್ ಹಿಂದೆ ಹೋಗಿತ್ತು.

ಅವಳ ಊರ ಕಡೆಯವನೇ ಆದ ತರಬೇತುದಾರ ರವಿಕಿರಣ ಬಾಗಿಲಲ್ಲಿ ಫೋನಿನಲ್ಲಿದ್ದ. ಅವನು ನೋಡಿರಲಿಲ್ಲ.

"ಎಲ್ಲಾ ಬರೋಬ್ಬರಿ ಐತೇನ್ರಿ?" ಎಂದು ಕೇಳಿದ.

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಬೆಳಗಿನ ಗಾಡಿಯ ಬಾಗಿಲಿಗೆ ಜೋತುಬಿದ್ದು ಹೋಗುವ ಮಂದಿ ಅವಳ ಕಣ್ಮುಂದೆ ಬಂದರು.

"ಇಲ್ರಿ ಸರ್. ಕೆಂಪು ದಾಟೀನಿ. ನನಗ ನಿದ್ದಿನ ಬರವಲ್ದು. ಈಗ ನನ್ನ ಕೈಯಾಗ ಗಾಡಿ ಕೊಡಬ್ಯಾಡ್ರಿ."

ರವಿಕಿರಣ ಫೋನು ಕಿಸೆಗೆ ಹಾಕಿ ಒಳಗೆ ಬಂದು ಪರದೆ ಆರಿಸಿದ. ಆಮೇಲೆ, "ಹೇಳಿದ್ದು ಭಾಳ ಚಲೋ ಆತು. ಅರಾಮಾಗಿ ಬರ್ರಿ, ನಿಮ್ಮ ಸೀಟು ಎಲ್ಲೀಗೂ ಹೋಗಾಂಗಿಲ್ಲ," ಎಂದ.

ಮನೆಗೆ ಬಂದು ಅತ್ತಳು. ಪಾರ್ಸೆಲ್ ಆಫೀಸಿನಲ್ಲಿ ಕೆಲಸ ಮಾಡುವ ಗಂಡ ಗುರುಶಾಂತ ಸಮಾಧಾನ ಮಾಡಲು ನೋಡಿದ. "ಜೀವ ಉಳೀತಲ್ಲ, ಅಷ್ಟು ಸಾಕು. ಮನ್ಯಾಗ ಇದ್ದುಬಿಡು."

"ಮನ್ಯಾಗ ಕುಂದರಾಕ ನಾ ಬದುಕಿ ಬಂದಿಲ್ರೀ," ಎಂದಳು ಉಮಾಶ್ರೀ. ಮರುದಿನವೇ ಆಸ್ಪತ್ರೆಗೆ ಹೋದಳು.

ಅಲ್ಲಿ ರೋಗಿಗಳ ಮನಸ್ಸಿನ ಆರೋಗ್ಯ ನೋಡಿಕೊಳ್ಳುವವಳು ಮೈಸೂರಿನ ಸುಮತಿ. ಕನ್ನಡ ಕಿವಿಗೆ ಬಿದ್ದದ್ದೇ ಉಮಾಶ್ರೀಯ ಮಾತು ಕಟ್ಟೆಯೊಡೆಯಿತು.

"ಕ್ಯಾನ್ಸರ್ ಗೆದ್ದ ಎಷ್ಟೋ ಜನಕ್ಕೆ ಹೀಗಾಗುತ್ತೆ. ನಾಚಿಕೆ ಪಡೋಂಥದ್ದೇನೂ ಇಲ್ಲ," ಎಂದಳು ಸುಮತಿ. "ಇದಕ್ಕೂ ಚಿಕಿತ್ಸೆ ಇದೆ."

"ನಿದ್ದಿ ಗುಳಿಗಿ ಬ್ಯಾಡ್ರಿ ಮೇಡಂ. ನಾ ಗಾಡಿ ಹೊಡಿಯಾಕಿ."

"ಗುಳಿಗೆ ಇಲ್ಲದೇನೇ ಮಾಡೋಣ. ಆದರೆ ಮೊದಮೊದಲು ಇನ್ನೂ ಸುಸ್ತಾಗುತ್ತೆ, ತಡ್ಕೋಬೇಕು."

ಹಗಲು ಹಾಸಿಗೆ ಮುಟ್ಟುವಂತಿಲ್ಲ. ತೂಕಡಿಕೆ ತಡೆಯಲಾಗದಷ್ಟು ಬಂದಾಗಲೇ ತಡವಾಗಿ ಮಲಗಬೇಕು, ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಕೂರಬೇಕು. ಬೆಳಿಗ್ಗೆ ಏಳುವ ಹೊತ್ತು ಮಾತ್ರ ತಪ್ಪಕೂಡದು. ಚಿಂತೆ ಮಾಡಲಿಕ್ಕೂ ಸುಮತಿ ಒಂದು ವೇಳೆ ಗೊತ್ತುಮಾಡಿದಳು. ಸಂಜೆ, ಮನೆಯವರ ಜೊತೆ ಕೂತು, ಬಾಯಿ ಬಿಟ್ಟು ಹೇಳಬೇಕು.

"ಬ್ಯಾನಿಯಿಂದ ಎದ್ದಾಕಿಗೆ ಮಲಗಬ್ಯಾಡ ಅಂತಾರಲ್ಲ, ಇವರೆಂಥಾ ಡಾಕ್ಟರು!" ಎಂದು ಗುಂಡಮ್ಮ ರೇಗಿದಳು. ಆದರೆ ಸೊಸೆ ಕೈಮುಗಿದು ಬೇಡಿದ ಮೇಲೆ ಅವಳಷ್ಟು ಗಟ್ಟಿ ಕಾವಲು ಬೇರೆ ಯಾರದ್ದೂ ಇರಲಿಲ್ಲ. ಮುಚ್ಚಿದ ಕಿಟಕಿ ತೆರೆದಳು. ಮಧ್ಯಾಹ್ನ ಸೊಸೆಯ ರೆಪ್ಪೆ ಭಾರವಾದರೆ ಮೆಂತ್ಯೆ ಸೊಪ್ಪು ಸೋಸಲು ಕೂರಿಸುವಳು, ಇಲ್ಲವೆ ಚೀಲ ಕೊಟ್ಟು ಸಂತೆಗೆ ಅಟ್ಟುವಳು.

ಮೊದಲ ವಾರಗಳು ನರಕ. ಉಮಾಶ್ರೀ ಸಾರಿಗೆ ಉಪ್ಪು ಮರೆತಳು, ಸಣ್ಣ ಮಾತಿಗೂ ಸಿಡುಕಿದಳು. ಬಿಟ್ಟುಬಿಡುತ್ತೇನೆಂದು ಸುಮತಿಗೆ ಫೋನ್ ಮಾಡಿ, ಬೈಸಿಕೊಳ್ಳದೆ, ಬರೀ ಧೈರ್ಯದ ಮಾತು ಕೇಳಿ ಫೋನಿಟ್ಟಳು.

ಒಂದು ಸಂಜೆ ಮಾಳಿಗೆಯ ಮೇಲೆ ಗಂಡನ ಜೊತೆ ಕೂತು ಎಂದಿನಂತೆ ತನ್ನ ಹೆದರಿಕೆ ಹೇಳಿಕೊಂಡಳು. "ಮಲಗಿದ್ರ ಮತ್ತ ಏಳತೀನೋ ಇಲ್ಲೋ ಅನಸ್ತದ್ರಿ."

ಗುರುಶಾಂತ ತಲೆ ತಗ್ಗಿಸಿದ. "ನಂಗೂ ಅದ ಅಂಜಿಕಿ. ನೀ ಉಸಿರಾಡಾಕತ್ತಿಯೋ ಇಲ್ಲೋ ಅಂತ ಕೇಳಕೋತ ನಾನೂ ಎದ್ದ ಇರತೀನಿ. ನಿನಗ ಗೊತ್ತಾಗಬಾರದಂತ ಕಣ್ಣು ಮುಚ್ಚಿರತೀನಿ."

"ಅಯ್ಯ! ನಿಮ್ಮ ನಿದ್ದಿ ಕೆಡಬಾರದಂತ ನಾನೂ ಹಂಗ ಕಣ್ಣು ಮುಚ್ಚತೀನಲ್ರೀ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕಿದ್ದು ಅವನು. ನಗುತ್ತ ನಗುತ್ತ ಇಬ್ಬರ ಕಣ್ಣಲ್ಲೂ ನೀರು ಬಂತು. ಕೆಳಗಿಂದ ಗುಂಡಮ್ಮ, "ಏನಾತ್ರ್ಯೋ ನಿಮಗ?" ಎಂದು ಕೂಗಿದಳು.

ಆ ಮೇಲೆ ನಿದ್ದೆ ಚೂರುಚೂರಾಗಿ ಬರತೊಡಗಿತು. ಮೈ ಬಿಸಿಯಾಗುವುದು ನಿಲ್ಲಲಿಲ್ಲ, ಆದರೆ ಎಚ್ಚರವಾದರೂ ಮತ್ತೆ ಕಣ್ಣು ಹತ್ತುತ್ತಿತ್ತು. ಒಂದು ಬೆಳಿಗ್ಗೆ ಗುಂಡಮ್ಮ ಹೆಸರು ಹಿಡಿದು ಕೂಗಿದಳು, ಮೈ ಅಲುಗಿಸಿದಳು, ಕಡೆಗೆ ಗಾಬರಿಯಿಂದ ಮುಖಕ್ಕೆ ನೀರು ಚಿಮುಕಿಸಿದಳು. ಉಮಾಶ್ರೀ ದಡಬಡಿಸಿ ಎದ್ದು ಕೂತು ಸುತ್ತ ನೋಡಿದಳು.

"ಅತ್ತೀ, ನನಗ ನಿದ್ದಿ ಹತ್ತಿತ್ತು!"

"ಹತ್ತಿತ್ತೇನು, ಗೊರಕಿ ಹೊಡಿಯಾಕತ್ತಿದ್ದಿ!" ಎಂದು ಗುಂಡಮ್ಮ ಅವಳ ಎರಡೂ ಕೆನ್ನೆ ಸವರಿ ನೆಟಿಕೆ ಮುರಿದಳು.

ಬೇಸಿಗೆ ಹತ್ತಿರವಾದಾಗ ಉಮಾಶ್ರೀ ತಾನಾಗಿಯೇ ತರಬೇತಿ ಕೇಂದ್ರಕ್ಕೆ ಹೋದಳು. ಈ ಸಲ ರವಿಕಿರಣ ಪಕ್ಕದಿಂದ ಕದಲಲಿಲ್ಲ. ಎಲ್ಲ ಕೆಂಪಿಗೂ ಗಾಡಿ ನಿಂತಿತು. ಅಭ್ಯಾಸ, ತಪಾಸಣೆ ಎಲ್ಲ ಮುಗಿದ ಮೇಲೆ ಅವಳಿಗೆ ಹಗಲಿನ ಲೋಕಲ್ ಸಿಕ್ಕಿತು.

ಆ ದಿನ ಗುರುಶಾಂತ ರಜೆ ಹಾಕಿ ಪಕ್ಕದ ಡಬ್ಬಿ ಹತ್ತಿದ. ಗುಂಡಮ್ಮ ಇಳಕಲ್ ಸೀರೆ ಉಟ್ಟು, ಹೆಂಗಸರ ಡಬ್ಬಿಯಲ್ಲಿ ನೂಕುನುಗ್ಗಲಿನ ನಡುವೆಯೇ ಜಾಗ ಮಾಡಿಕೊಂಡು ಕೂತಳು. ಗಾಡಿ ಹಾರ್ನ್ ಹೊಡೆದು ಹೊರಟಿತು. ಎದುರು ಕೂತ ಹೆಂಗಸು ತೆಲುಗಿನಲ್ಲಿ ಎಲ್ಲಿ ಇಳೀತೀರಿ ಎಂದು ಕೇಳಿದಳು.

"ಇಳಿಯಾಂಗಿಲ್ಲ, ನನ್ನ ಸೊಸಿ ಹೊಡಿಯಾಕತ್ತಾಳ, ಕಡೀತನಕ ಹೋಗಾಕಿ," ಎಂದಳು ಗುಂಡಮ್ಮ ಕನ್ನಡದಲ್ಲೇ. ಅದು ತಿಳಿಯಲಿಲ್ಲವೆಂದು ಗೊತ್ತಾಗಿ, ಇಂಜಿನ್ನಿನ ಕಡೆ ಕೈ ಮಾಡಿ, ಇಡೀ ಡಬ್ಬಿಗೆ ಕೇಳುವಂತೆ ತನಗೆ ಬಂದ ಹಿಂದಿಯಲ್ಲಿ ಸಾರಿದಳು: "ಮೇರಾ ಬಹೂ ಚಲಾತಾ! ಹಮ್ ಆಖಿರ್ ತಕ್ ಜಾತಾ!"