ಹಳದಿ ಹಿಡಿಯದ್ದೇ ವಾಸಿ

"ಯಾವುದಾದ್ರೂ ಒಂದು ಕೊಡಿ ಮಾವ," ಎಂದಳು ಸೊಸೆ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ.

"ಯಾವುದಾದ್ರೂ ಅಂದ್ರೆ ಹೇಗಮ್ಮ? ಐದಿದೆ. ಐದೂ ಒಂದೇ ಥರ ಅಲ್ಲ."

ಊಟದ ಮೇಜಿನ ಮೇಲೆ ಹಳೇ ಟವೆಲ್ ಹಾಸಿ ಮಾವ ಐದು ಸ್ಕ್ರೂಡ್ರೈವರ್‌ಗಳನ್ನು ಸಾಲಾಗಿ ಮಲಗಿಸಿದ್ದರು. ಒಂದು ವಾರದಿಂದ ಮೇಜಿನ ಆ ಅರ್ಧದಲ್ಲಿ ಯಾರೂ ಊಟ ಮಾಡಿರಲಿಲ್ಲ. ಮನೆಯಲ್ಲಿದ್ದ ಒಂದೇ ಒಂದು ಸ್ಕ್ರೂಡ್ರೈವರಿನ ತುದಿ ಮುರಿದಾಗ, ಬರುವಾಗ ಒಂದು ತಂದುಬಿಡಿ ಎಂದು ಸೊಸೆ ಹೇಳಿದ್ದೇ ತಪ್ಪಾಯಿತು. ಮಾವ ಅಂಗಡಿ ಅಂಗಡಿ ಅಲೆದು ಕಣ್ಣಿಗೆ ಬಿದ್ದ ಅಗ್ಗದ್ದನ್ನೆಲ್ಲ ಒಂದೊಂದು ಹೊತ್ತು ತಂದಿದ್ದರು. ದುಬಾರಿಯದು ಚೆನ್ನಾಗಿರುತ್ತದೆ ಎನ್ನಲು ಯಾರ ಬುದ್ಧಿಯೂ ಬೇಕಾಗಿಲ್ಲ, ಅಗ್ಗದ್ದರಲ್ಲಿ ಒಳ್ಳೆಯದನ್ನು ಹುಡುಕಬೇಕು, ಮಜಾ ಇರುವುದೇ ಅದರಲ್ಲಿ ಎಂಬುದು ಅವರ ವಾದ.

ಕಾರ್ಖಾನೆಯಲ್ಲಿ ಅವರ ಕೆಲಸವೇ ಅದಾಗಿತ್ತು. ಹೊರಗಿನಿಂದ ಬಂದ ಸಾಮಾನಿನ ಪೆಟ್ಟಿಗೆಯಿಂದ ಒಂದೆರಡನ್ನು ಎತ್ತಿಕೊಂಡು, ಮುರಿಯುವವರೆಗೂ ತಿರುಗಿಸಿ, ಬಗ್ಗಿಸಿ, ಜಜ್ಜಿ, ಮಿಕ್ಕಿದ್ದನ್ನು ಒಳಗೆ ಬಿಡಬೇಕೋ ವಾಪಸ್ ಕಳಿಸಬೇಕೋ ಹೇಳುವುದು. ನಿವೃತ್ತರಾದ ಮೇಲೆ ಅವರ ಕೈಗೆ ಸಿಕ್ಕಿದ್ದು ಮನೆ. ಕುಕ್ಕರಿನ ರಬ್ಬರಾಗಲಿ, ಬಕೆಟ್ಟಿನ ಹಿಡಿಯಾಗಲಿ, ಹೊಸ ಛತ್ರಿಯಾಗಲಿ, ಅವರ ಕೈ ದಾಟದೆ ಬಳಕೆಗೆ ಬರುವಂತಿರಲಿಲ್ಲ. ಕೈ ದಾಟಿ ಬಂದದ್ದರಲ್ಲಿ ಅರ್ಧಕ್ಕರ್ಧ ಬಳಸುವ ಸ್ಥಿತಿಯಲ್ಲೇ ಇರುತ್ತಿರಲಿಲ್ಲ. ಮಗನಿಗೆ ಇದು ತಮಾಷೆ. ಅವನು ಬೆಳಿಗ್ಗೆ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆ ಬರುವವನು, ಅವನಿಗೇನು ಕಷ್ಟ.

ಸೊಸೆಗೆ ಆ ದಿನ ಮಜಾ, ತಮಾಷೆ ಎರಡೂ ಬೇಕಾಗಿರಲಿಲ್ಲ. ಇಷ್ಟು ವರ್ಷ ಅವಳು ಮನೆಯಲ್ಲೇ ಕೂತು ಅಕ್ಕಪಕ್ಕದವರ ಪ್ಯಾಂಟಿನ ಅಂಚು ಮಡಿಸಿ, ಕೆಟ್ಟ ಜಿಪ್ಪು ಬದಲಿಸಿಕೊಡುತ್ತಿದ್ದಳು. ಈಗ ಮೊದಲ ಬಾರಿ ಪರದೆ ಅಂಗಡಿಯಾಕೆ ಅವಳನ್ನು ನಂಬಿ ಒಂದು ಆಸ್ಪತ್ರೆಯ ಪರದೆಗಳನ್ನೆಲ್ಲ ಕೊಟ್ಟಿದ್ದಳು. ಸಂಜೆ ಐದಕ್ಕೆ ವ್ಯಾನು ಬರುತ್ತದೆ, ಪರದೆ ಪೂರ್ತಿ ಇರಬೇಕು. ಇದ್ದರೆ ಅಂಗಡಿಯೊಳಗೆ ಅವಳಿಗೆ ಒಂದು ಮೇಜು, ಒಂದು ದೊಡ್ಡ ಯಂತ್ರ, ವರ್ಷವಿಡೀ ಕೆಲಸ. ಇಲ್ಲದಿದ್ದರೆ ಮತ್ತೆ ಜಿಪ್ಪು. ಇನ್ನು ಆರು ಪರದೆ ಬಾಕಿ ಇರುವಾಗ ಸೂಜಿ ಮುರಿದು, ಅದರ ಚೂರು ಸೂಜಿಯಡಿಯ ಉಕ್ಕಿನ ಪ್ಲೇಟಿನ ಕೆಳಗೆ ಹೋಗಿ ಸಿಕ್ಕಿಕೊಂಡಿತು. ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿ ಚೂರು ತೆಗೆಯದೆ ಯಂತ್ರ ಓಡುವಂತಿರಲಿಲ್ಲ.

"ಈ ಕೆಂಪು ಹಿಡಿಯದು ನೋಡೋಕೆ ಚೆಂದ," ಎಂದು ಮಾವ ಶುರುಮಾಡಿದರು. "ಆದ್ರೆ ಜೋರಾಗಿ ತಿರುಗಿಸಿದ್ರೆ ಹಿಡಿ ಬೇರೆ, ಕಡ್ಡಿ ಬೇರೆ. ಹಸಿರಿನದು ಕಡ್ಡಿ ಬಗ್ಗುತ್ತೆ. ಈ ಕಪ್ಪಂತೂ ತುದೀನೇ ಮೆತ್ತಗೆ, ಸೀಮೆಸುಣ್ಣ ಇದ್ದ ಹಾಗೆ."

"ಮಾವ."

"ಇರು, ಹೇಳ್ತೀನಿ. ನೀಲಿ ಪರವಾಗಿಲ್ಲ, ಆದ್ರೆ ಕೈ ಜಾರುತ್ತೆ. ಕೊಟ್ಟ ಕಾಸಿಗೆ ಮೋಸ ಇಲ್ಲದ್ದು ಅಂದ್ರೆ ಹಳದಿ. ತುದಿ ನೋಡು, ಒಂಚೂರೂ ಸವೆದಿಲ್ಲ. ಹಳದಿ ಹಿಡಿಯದ್ದೇ ವಾಸಿ."

ಸೊಸೆ ಎದ್ದು ಬಂದು ಹಳದಿಯನ್ನು ಕಿತ್ತುಕೊಂಡಳು. ಕಿತ್ತುಕೊಂಡದ್ದು ಸ್ವಲ್ಪ ಒರಟಾಯಿತು ಎಂದು ಅವಳಿಗೂ ಅನ್ನಿಸಿತು, ಆದರೆ ಕ್ಷಮೆ ಕೇಳಲು ಪುರಸೊತ್ತಿರಲಿಲ್ಲ. ತುದಿಯನ್ನು ಸ್ಕ್ರೂವಿನ ಮೇಲಿಟ್ಟು ತಿರುಗಿಸಿದಳು. ಜಾರಿತು. ಒತ್ತಿ ಹಿಡಿದು ಮತ್ತೆ ತಿರುಗಿಸಿದಳು. ಮತ್ತೆ ಜಾರಿತು. ಇನ್ನೊಂದು ಸ್ಕ್ರೂ ಕೂಡ ಹಾಗೆಯೇ. ಎಣ್ಣೆ, ನೂಲಿನ ಧೂಳು ಒರೆಸಿ, ದೀಪವನ್ನು ಹತ್ತಿರಕ್ಕೆ ಎಳೆದು ನೋಡಿದಳು. ಎರಡು ಸ್ಕ್ರೂಗಳ ತಲೆಯ ಮೇಲೂ ಇರಬೇಕಾದ ಗೀರು ಇರಲೇ ಇಲ್ಲ. ನಾಯಿ ಕಚ್ಚಿದ ಹಾಗೆ ಒಂದು ಗುಳಿ ಇತ್ತು, ಅಷ್ಟೆ.

"ಮಾವ, ಇವನ್ನೆಲ್ಲ ಎಲ್ಲಿ ತಿರುಗಿಸಿ ನೋಡಿದ್ರಿ?"

"ಎಲ್ಲಿ ಅಂದ್ರೆ?"

"ಯಾವ ಸ್ಕ್ರೂ ಮೇಲೆ?"

ಮಾವ ಯಂತ್ರದ ಕಡೆ ನೋಡಿದರು. "ಬಾಗಿಲಿನ ಸ್ಕ್ರೂ ಎಲ್ಲ ಸಡಿಲ ಕಣಮ್ಮ. ಅದರಲ್ಲಿ ಪರೀಕ್ಷೆ ಮಾಡಿದ್ರೆ ಏನು ಗೊತ್ತಾಗುತ್ತೆ? ಮನೇಲಿ ಇಷ್ಟು ಬಿಗಿಯಾಗಿರೋ ಸ್ಕ್ರೂ ಬೇರೆ ಎಲ್ಲೂ ಇಲ್ಲ. ನೀನು ಬಟ್ಟೆ ತರೋಕೆ ಹೋದಾಗ..." ಎಂದವರು ಅಲ್ಲಿಗೆ ನಿಲ್ಲಿಸಿದರು. ಕಾರ್ಖಾನೆಯಲ್ಲಿ ಪರೀಕ್ಷೆಗೆಂದೇ ಸ್ಕ್ರೂ ಬಿಗಿದ ಕಬ್ಬಿಣದ ದಿಮ್ಮಿಗಳಿರುತ್ತಿದ್ದವು. ಹಾಳಾದದ್ದನ್ನು ಎಸೆದು ಯಾರೋ ಹೊಸದನ್ನು ತಂದಿಡುತ್ತಿದ್ದರು. ಸ್ಕ್ರೂಡ್ರೈವರಿಗೆ ಏನಾಯಿತು ಎಂದು ನೋಡುತ್ತಿದ್ದರೇ ಹೊರತು, ದಿಮ್ಮಿಗೆ ಏನಾಯಿತು ಎಂದು ಮಾವ ಒಂದು ದಿನವೂ ನೋಡಿದವರಲ್ಲ.

ಸೊಸೆಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. "ಒಂದು ಕೇಳಿದ್ದೆ. ಒಂದೇ ಒಂದು. ಚೆನ್ನಾಗಿರೋದೂ ಬೇಡ, ತಿರುಗಿದ್ರೆ ಸಾಕಿತ್ತು. ಈ ಮನೇಲಿ ಒಂದು ಸಾಮಾನನ್ನಾದ್ರೂ ಅದರ ಪಾಡಿಗೆ ಬಿಡೋಕಾಗಲ್ವಾ ನಿಮಗೆ?"

ಮಾವ ನೀಲಿ ಹಿಡಿಯದನ್ನು ಎತ್ತಿಕೊಂಡು, "ಇದರಲ್ಲಿ ಒಂದ್ಸಲ..." ಎಂದರು.

"ಮುಟ್ಟಬೇಡಿ."

ಅವರು ಅದನ್ನು ಟವೆಲ್ಲಿನ ಮೇಲೆ, ಮೊದಲಿದ್ದ ಜಾಗದಲ್ಲೇ ಇಟ್ಟರು.

ರಿಪೇರಿಯವನಿಗೆ ಫೋನು ಮಾಡಿದರೆ ಊಟ ಮುಗಿಸಿ ಬರುತ್ತೇನೆ ಎಂದ. ಅವನ ಊಟ ಮುಗಿಯುವ ಲಕ್ಷಣ ಕಾಣಲಿಲ್ಲ. ಈ ನಡುವೆ ಪರದೆ ಅಂಗಡಿಯಾಕೆಯ ಫೋನು ಬಂತು. "ಎಲ್ಲಿಗೆ ಬಂತಮ್ಮ? ಆಗಲ್ಲ ಅಂದ್ರೆ ಈಗಲೇ ಹೇಳ್ಬಿಡು, ಬೇರೆಯವರು ಇದ್ದಾರೆ." ಆಗುತ್ತೆ ಮೇಡಂ, ಮುಗೀತಾ ಬಂತು ಎಂದು ಸೊಸೆ ಹೇಳುವಾಗ, ಅಲುಗಾಡದ ಯಂತ್ರದ ಚಕ್ರವನ್ನು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಕೊನೆಗೂ ಬಂದ ರಿಪೇರಿಯವನು ಸ್ಕ್ರೂಗಳನ್ನು ನೋಡಿ ನಕ್ಕ. "ಏನಕ್ಕಾ ಇದು, ಯಾರು ಬಾವಿ ತೋಡಿದ್ದು?"

"ನಮ್ಮ ಮಾವ," ಎಂದಳು ಸೊಸೆ. "ಪರೀಕ್ಷೆ ಮಾಡಿದಾರೆ."

ರಿಪೇರಿಯವನು ಇನ್ನೂ ಜೋರಾಗಿ ನಕ್ಕ. ಮಾವ ಗೋಡೆಯ ಕಡೆ ತಿರುಗಿ ಟವೆಲ್ಲಿನ ಮಡಿಕೆ ಸರಿಮಾಡತೊಡಗಿದರು. ಹೊರಗಿನವನ ಮುಂದೆ ಹೇಳಬಾರದಿತ್ತು ಎಂದು ಸೊಸೆಗೆ ಅನ್ನಿಸಿತು. ಹೇಳಿದ್ದೇ ಸರಿ ಎಂದೂ ಅನ್ನಿಸಿತು. ರಿಪೇರಿಯವನು ಸಣ್ಣ ಡ್ರಿಲ್ಲಿನಿಂದ ಸ್ಕ್ರೂ ತಲೆಗಳನ್ನು ಕೊರೆದು, ಪ್ಲೇಟು ಎತ್ತಿ, ಸೂಜಿಯ ಚೂರು ತೆಗೆದ. ತನ್ನ ಡಬ್ಬಿಯಿಂದ ಬೇರೆ ಸ್ಕ್ರೂ ಹಾಕಿ, "ಸದ್ಯಕ್ಕೆ ಓಡುತ್ತೆ ಅಕ್ಕ, ಸ್ವಲ್ಪ ನಿಧಾನ ತುಳೀರಿ," ಎಂದು ಹೇಳಿ ಹೋದ.

ನಿಧಾನ ತುಳಿಯಲು ಸಮಯ ಎಲ್ಲಿತ್ತು. ಸೊಸೆ ಒಂದೇ ಸಮನೆ ತುಳಿದಳು. ಮಾವ ಒಮ್ಮೆ ಅವಳ ಹಿಂದೆ ಬಂದು ನಿಂತು, "ನಾನೇನು ಮಾಡ್ಲಿ?" ಎಂದರು.

"ಏನೂ ಮಾಡಬೇಡಿ."

ಮಾವ ಕತ್ತರಿ ತೆಗೆದುಕೊಂಡು ನೆಲದ ಮೇಲೆ ಕೂತರು. ಯಂತ್ರದಿಂದ ಇಳಿದ ಪರದೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸಿ, ಉಳಿದ ದಾರ ಕತ್ತರಿಸಿ ಮಡಿಸಿದರು. ಸೊಸೆ ಬೇಡ ಎನ್ನಲಿಲ್ಲ. ಬೇಡ ಎನ್ನಲೂ ಅವಳಿಗೆ ಬಿಡುವಿರಲಿಲ್ಲ.

ಕೊನೆಯ ಪರದೆ ಇಳಿಯುವ ಹೊತ್ತಿಗೆ ಕೆಳಗೆ ವ್ಯಾನು ಬಂದು ಹಾರ್ನ್ ಹೊಡೆಯುತ್ತಿತ್ತು. ಸೊಸೆ ದೊಡ್ಡ ಚೀಲದ ಬಾಯಿ ಅಗಲಿಸಿ ಹಿಡಿದು ನಿಂತಳು. ಮಾವನ ಹೆಬ್ಬೆರಳು ಪರದೆಯ ಅಂಚಿನಲ್ಲಿ ಓಡಿ, ಒಂದು ಕಡೆ ನಿಂತುಬಿಟ್ಟಿತು. ಅವರು ಕನ್ನಡಕವನ್ನು ಮೇಲಕ್ಕೆ ಒತ್ತಿಕೊಂಡು ಬಗ್ಗಿ ನೋಡಿದರು. ಅವಸರದಲ್ಲಿ ಹೊಲಿಗೆ ತಪ್ಪಿ, ಬೆರಳಗಲದಷ್ಟು ಜಾಗದಲ್ಲಿ ದಾರ ಸಡಿಲವಾಗಿ ನಿಂತಿತ್ತು. ಅದನ್ನು ಬಿಚ್ಚಿ ಮತ್ತೆ ಹೊಲಿಯಬೇಕು. ನಿಂತಲ್ಲಿಂದಲೇ ಸೊಸೆಗೂ ಅದು ಕಾಣುತ್ತಿತ್ತು.

ವ್ಯಾನಿನವನು ಮತ್ತೆ ಹಾರ್ನ್ ಒತ್ತಿದ.

"ಮಾವ," ಎಂದಳು ಸೊಸೆ.

ಮಾವ ಅವಳ ಮುಖ ನೋಡಿದರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಪರದೆಯನ್ನು ಬೆಳಕಿಗೆ ಹಿಡಿದರು.

"ಸರಿಯಾಗಿದೆ," ಎಂದರು. ಆ ಅಂಚು ಒಳಗೆ ಹೋಗುವಂತೆ ಮಡಿಸಿ, ಚೀಲದಲ್ಲಿದ್ದ ಪರದೆಗಳ ನಡುವೆ ಅದನ್ನು ಸೇರಿಸಿ, ಚೀಲದ ಬಾಯಿ ಕಟ್ಟಿದರು.