ಮಗ್ಗದ ಮೇಲಿನ ಸೀರೆ

ಬಂಗಾಳದ ಫುಲಿಯಾದ ನೇಕಾರರ ಕೇರಿಯಲ್ಲಿ ಮನೆಯಲ್ಲಿ ನೇಯ್ದ ಸೀರೆಯನ್ನು ಮನೆಯ ಹೆಂಗಸು ಉಡುವುದಿಲ್ಲ. ಅದು ಸಾಹುಕಾರನ ಪಾಲು. ಅವಳಿಗೆ ಸಂತೆಯ ಗಿರಣಿ ಸೀರೆಯೇ ಗತಿ. ಹರಿಪದ ಬಸಾಕನೂ ಜೀವಮಾನವೆಲ್ಲ ಸಾಹುಕಾರನಿಗಾಗಿಯೇ ನೇಯ್ದ. ಕೊನೆಯ ವರ್ಷ ಅವನಿಗೇನನ್ನಿಸಿತೋ, ಹೆಂಡತಿ ಸರಜುಬಾಲಾಳಿಗೆಂದೇ ಕುಂಕುಮ ಬಣ್ಣದ ನೂಲಿನ ಹಾಸನ್ನು ಮಗ್ಗಕ್ಕೆ ಹೂಡಿದ. ಅರ್ಧ ಸೀರೆ ಆಗುವಷ್ಟರಲ್ಲಿ ಎದೆ ಹಿಡಿದುಕೊಂಡು ಮಗ್ಗಕ್ಕೇ ಒರಗಿಬಿಟ್ಟ.

ವಿಧವೆ ಕೆಂಪು ಉಡುವಂತಿಲ್ಲ. ಉಡುವ ಆಸೆ ಸರಜುವಿಗೂ ಇರಲಿಲ್ಲ. ಅದನ್ನು ಮುಗಿಸಬೇಕು, ಅಷ್ಟೇ. ಗಂಡನಿಗೆ ನೂಲು ಸುತ್ತಿಕೊಡುತ್ತಲೇ ಮುದುಕಿಯಾದವಳು ಒಂದು ದಿನವೂ ಮಗ್ಗಕ್ಕೆ ಕೂತವಳಲ್ಲ. ಮೈದುನ ಗೋಷ್ಠನನ್ನು ಕರೆದು ಹೇಳಿದಳು: "ನಂಗೆ ಕಲಿಸೋ. ಉಳಿದಿದ್ದನ್ನ ನಾನೇ ನೇಯ್ತೀನಿ."

ಗೋಷ್ಠ ಹೂಂ ಅಂದ. ಅವನು ನೇಯ್ಗೆ ಬಿಟ್ಟು, ಕೋಲ್ಕತ್ತಾದ ದುರ್ಗಾ ಪೂಜೆಯ ಪೆಂಡಾಲುಗಳಿಗೆ ಹಳೆ ಸಾಮಾನು ಹುಡುಕಿಕೊಡುವ ಕಸುಬಿಗೆ ಇಳಿದಿದ್ದ. ಒಳ್ಳೆಯವನೇ, ಆದರೆ ಮಾತು ಕೊಡುವುದರಲ್ಲಿ ಕೈ ಸ್ವಲ್ಪ ಧಾರಾಳ. ಆ ವರ್ಷ ಅಲ್ಲಿಯ ಕಲಾವಿದ ದೀಪ್ತಾಂಶು ಬಾಬುವಿಗೆ ಮೂಲೆ ಸೇರಿದ ಮಗ್ಗಗಳು ಬೇಕಾಗಿದ್ದವು. ಹೊಸದು ಒಂದು ಮೊಳೆಯೂ ಇಲ್ಲದ ಪೆಂಡಾಲು ಕಟ್ಟುವ ಹುಚ್ಚು ಅವನಿಗೆ. ಕೇರಿಯವರು ಸೌದೆಗೆ ಹೋಗಬೇಕಿದ್ದ ಮಗ್ಗಗಳನ್ನು ಸಂತೋಷವಾಗಿ ಕೊಟ್ಟರು. ಬಾಬುವಿಗೆ ಅಷ್ಟು ಸಾಲಲಿಲ್ಲ. ಅರ್ಧ ನೇಯ್ದ ಬಟ್ಟೆ ಇರುವ ಮಗ್ಗ ಒಂದಾದರೂ ಬೇಕು, ನೋಡಿದ ಜನ ಅಳಬೇಕು ಎಂದ. ಗೋಷ್ಠನಿಗೆ ಅಣ್ಣನ ಮಗ್ಗ ನೆನಪಾಯಿತು.

"ಮಾರೋದಲ್ಲ ಅತ್ತಿಗೆ, ಬರೀ ಎರವಲು. ದಶಮಿ ಮಾರನೇ ದಿನ ತಂದಿಡ್ತೀನಿ. ಅವತ್ತೇ ನಿನ್ನನ್ನ ಮಗ್ಗಕ್ಕೆ ಕೂರಿಸ್ತೀನಿ."

"ನೀನು ಮಾತು ಕೊಟ್ರೆ ನಿಮ್ಮಣ್ಣನೇ ಹೆದರ್ತಿದ್ರು ಕಣೋ."

"ದುರ್ಗಮ್ಮನಾಣೆ!"

"ಪಾಪ, ಅವಳನ್ಯಾಕೆ ಸಾಕ್ಷಿಗೆ ಎಳೀತೀಯ? ಒಂದೆಳೆ ಹರಿದ್ರೂ ನನ್ನ ಮುಖ ನೋಡ್ಬೇಡ."

ಪೆಂಡಾಲಿಗೆ ಬಹುಮಾನ ಬಂತು. 'ಇಲ್ಲಿ ಹೊಸದೇನೂ ಇಲ್ಲ' ಎಂಬ ದೊಡ್ಡ ಬೋರ್ಡು ಬಾಗಿಲಲ್ಲಿ ನೇತಾಡುತ್ತಿತ್ತು. ಬೋರ್ಡೊಂದು ಮಾತ್ರ ಹೊಚ್ಚ ಹೊಸದು. ಹರಿಪದನ ಮಗ್ಗದ ಮುಂದೆ ಜನ ನಿಂತು ಫೋಟೋ ತೆಗೆಸಿಕೊಂಡರು. ಒಬ್ಬಿಬ್ಬರು ಅತ್ತರು ಕೂಡ.

ದಶಮಿಯ ಮಾರನೇ ದಿನ ಗೋಷ್ಠ ಹೋದಾಗ ಲಾರಿ ನಿಂತಿತ್ತು. ಪೆಂಡಾಲನ್ನು ಇಡಿಯಾಗಿ ಮುಂದಿನ ತಿಂಗಳು ಬರುವ ಕೃಷ್ಣನಗರದ ಜಗದ್ಧಾತ್ರಿ ಪೂಜೆಯವರಿಗೆ ಮಾರಿಯಾಗಿತ್ತು. ವರ್ಷವರ್ಷವೂ ನಡೆಯುವುದು ಹಾಗೆಯೇ.

"ಎರವಲು ತಂದಿದ್ದನ್ನ ಮಾರೋದಾ ಬಾಬು?"

"ಮರುಬಳಕೆ ಅಂದ್ರೆ ಇದೇ ಅಲ್ವೇನೋ?" ದೀಪ್ತಾಂಶು ನಕ್ಕ. "ಅವರ ಪೂಜೆ ಮುಗಿದ್ಮೇಲೆ ಎತ್ಕೊಂಡು ಹೋಗು, ನಾನೇ ಹೇಳಿರ್ತೀನಿ. ಒಂದು ತಿಂಗಳು ತಡ ಆದ್ರೆ ನಿಮ್ಮತ್ತಿಗೆ ಏನು ಉಡೋಕೆ ಕಾಯ್ತಿದ್ದಾರಾ?"

ಗೋಷ್ಠನಿಗೆ ಕೆನ್ನೆಗೆ ಹೊಡೆದಂತಾಯಿತು. ಅಷ್ಟರಲ್ಲಿ ಪೆಂಡಾಲು ಬಿಚ್ಚುವ ಆಳೊಬ್ಬ ಹಾಸಿನ ಎಳೆಗಳಿಗೆ ಕುಡುಗೋಲು ಒಡ್ಡಿದ್ದು ಕಂಡಿತು. ಹಾಗೆ ಕತ್ತರಿಸಿದರೆ ಮಗ್ಗ ಬಿಚ್ಚುವುದು ಸಲೀಸು. ಗೋಷ್ಠ ಯೋಚಿಸದೆ ಕೂಗಿದ: "ಮುಟ್ಬೇಡ್ವೋ! ಅದು ಅಮ್ಮನೋರಿಗೆ ಮೀಸಲು ಬಟ್ಟೆ!"

ಆಳು ಕುಡುಗೋಲು ಕೆಳಗಿಟ್ಟು ಕೆನ್ನೆ ಕೆನ್ನೆ ಬಡಿದುಕೊಂಡ. ಆಮೇಲೆ ನಾಲ್ವರು ಸೇರಿ ಮಗ್ಗವನ್ನು ಒಂದೆಳೆಯೂ ಕದಲದಂತೆ ಎತ್ತಿ, ಮೇಲೆ ಮಡಿಬಟ್ಟೆ ಹೊದಿಸಿ, ಲಾರಿಗೇರಿಸಿದರು. ಊರಿಗೆ ಮರಳುವ ರೈಲಿನಲ್ಲಿ ಗೋಷ್ಠ ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡ. ಸುಳ್ಳಾದರೇನು, ಸೀರೆ ಉಳಿಯಿತಲ್ಲ.

ಜಗದ್ಧಾತ್ರಿ ಪೂಜೆಯ ದಿನ ಸರಜು ಮನೆಯಲ್ಲಿ ನಿಲ್ಲಲಿಲ್ಲ. ತಡವಾಗುವ ವಿಷಯ ಗೋಷ್ಠ ಹೇಳಿದ್ದ; ಸೀರೆಯನ್ನು ಕಣ್ಣಾರೆ ನೋಡಬೇಕೆಂದು ಹಟ ಹಿಡಿದಳು. ಇಬ್ಬರೂ ಬಸ್ಸು ಹಿಡಿದು ಕೃಷ್ಣನಗರಕ್ಕೆ ಹೋದರು.

ಮಗ್ಗ ಪೆಂಡಾಲಿನ ನಡುವೆಯೇ ಇತ್ತು. ಹೂವಿನ ಹಾರ ಹಾಕಿದ್ದರು, ದೀಪ ಇಟ್ಟಿದ್ದರು. ಅದರ ಮೇಲೆ ಸೀರೆ ಇರಲಿಲ್ಲ. ಕತ್ತರಿಸಿದ ಎಳೆಗಳು ಜೋಲುತ್ತಿದ್ದವು. ಸರಜು ತಲೆಯೆತ್ತಿದಳು. ಸಿಂಹದ ಮೇಲೆ ಕೂತ ದೇವಿ ಕುಂಕುಮ ಬಣ್ಣ ಉಟ್ಟಿದ್ದಳು. ಮಣ್ಣಿನ ಮೂರ್ತಿಗೆ ಅರ್ಧ ಸೀರೆ ಧಾರಾಳವಾಯಿತು.

ಸಮಿತಿಯ ಕಾರ್ಯದರ್ಶಿ ನಿಮಾಯಿ ಬಾಬು ಬಂದವರು ಯಾರೆಂದು ತಿಳಿದು ಓಡಿ ಬಂದು ಕೈ ಮುಗಿದರು. "ಬಿಚ್ಚುವ ಹುಡುಗರು ಎಲ್ಲಾ ಹೇಳಿದ್ರು ತಾಯಿ. ಅಮ್ಮನೋರ ಮೀಸಲನ್ನ ಮಗ್ಗದ ಮೇಲೇ ಬಿಟ್ರೆ ನಮಗೆ ಒಳ್ಳೇದಾಗುತ್ತಾ? ಉಪವಾಸ ಇದ್ದು, ನಾನೇ ಕೈಯಾರೆ ಎಳೆ ಕತ್ತರಿಸಿ ಉಡಿಸಿದೆ."

ಮೈಕಿನಲ್ಲಿ ಹರಿಪದನ ಹೆಸರು ಕೂಗಿದರು. ಹೆಂಗಸರು ಸಾಲುಗಟ್ಟಿ ಸರಜುವಿನ ಕಾಲು ಮುಟ್ಟತೊಡಗಿದರು. ಪುಣ್ಯವಂತೆ, ಪುಣ್ಯವಂತೆ. ಗೋಷ್ಠ ಅವಳ ಕಿವಿಯ ಹತ್ತಿರ ಬಗ್ಗಿದ.

"ನಾಳೆ ಮೂರ್ತೀನ ನದಿಗೆ ಬಿಡೋ ಮುಂಚೆ ಬಿಚ್ಚಿಕೊಡಿ ಅಂತ ಕೇಳ್ತೀನಿ ಅತ್ತಿಗೆ."

"ಅಮ್ಮನೋರ ಮೈಮೇಲಿಂದಾನಾ? ಇಷ್ಟು ಜನರ ಮುಂದೆ?" ಸರಜು ಕಾಲು ಹಿಂದಕ್ಕೆಳೆದುಕೊಳ್ಳುತ್ತ ಕೇಳಿದಳು. "ಮೀಸಲು ಅಂತ ಹೇಳಿದ್ಯಾರೋ?"

"ನಾನೇ. ಕತ್ತರಿಸದೆ ಇರ್ಲಿ ಅಂತ..."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಅಳೋಕೂ ದಾರಿ ಇಲ್ದ ಹಾಗೆ ಮಾಡಿದ್ಯಲ್ಲೋ ಗೋಷ್ಠ," ಅಂದಳು. "ಇಲ್ಲಿ ಅತ್ರೆ ಭಕ್ತಿ ಅಂತಾರೆ."

ಪ್ರಸಾದದ ದೊನ್ನೆ ಹಿಡಿದು ನಿಮಾಯಿ ಬಾಬು ಮತ್ತೆ ಬಂದರು. ಮಗ್ಗವನ್ನು ನಾಡಿದ್ದು ಸಮಿತಿಯ ಗಾಡಿಯಲ್ಲೇ ಮನೆಗೆ ತಲುಪಿಸುತ್ತೇವೆ, ದೀಪ್ತಾಂಶು ಬಾಬು ಹೇಳಿದ್ದಾರೆ ಎಂದರು. ಹೊಸ ಹಾಸು ಹೂಡಿಕೊಡುತ್ತೇನೆ ಎನ್ನಲು ಗೋಷ್ಠ ಬಾಯಿ ತೆರೆದ. ಸರಜು ಅವನತ್ತ ನೋಡಲೇ ಇಲ್ಲ.

"ಬೇಡಪ್ಪ," ಎಂದಳು ನಿಮಾಯಿ ಬಾಬುವಿಗೆ. "ನಂಗೆ ಆ ಕಟ್ಟಿಗೆ ಇಟ್ಕೊಂಡು ಏನಾಗ್ಬೇಕು? ಮುಂದಿನ ವರ್ಷ ಇನ್ಯಾವ್ದೋ ಪೆಂಡಾಲಿಗೆ ಬೇಕಾಗುತ್ತೆ. ಅವರಿಗೇ ಕೊಟ್ಬಿಡಿ."

ನಿಮಾಯಿ ಬಾಬುವಿನ ಕಣ್ಣು ತುಂಬಿ ಬಂತು. ಅವರು ಮೈಕಿನ ಹತ್ತಿರ ಹೋಗಿ, ಆ ತಾಯಿ ಮಗ್ಗವನ್ನೂ ದಾನ ಮಾಡಿದ್ದಾರೆಂದು ಊರಿಗೆಲ್ಲ ಕೇಳುವಂತೆ ಸಾರಿದರು.